ಕಲ್ಕತ್ತೆಯಿಂದ ಹೊರಟ ಹೆಪ್ಪು

2018ರಲ್ಲಿ ಮೂರು ತಿಂಗಳು ಸಿಡ್ನಿಯಲ್ಲಿದ್ದೆ. ಆನ್‌ಸೈಟ್ ಅನ್ನೋ ಭಾಗ್ಯ ನಮ್ಮ ಟೀಮಿನಲ್ಲಿ ಸರದಿ ಪ್ರಕಾರ ಬರುತ್ತಿತ್ತು, ಆ ಸಲ ನನ್ನ ಸರದಿ. ಅಲ್ಲಿ ಆಗ ಚಳಿಗಾಲ. ಒಂದು ಶುಕ್ರವಾರ ರಿಲೀಸ್ ಮುಗಿದ ಖುಷಿಗೆ ಕ್ಲೈಂಟ್ ಕಡೆಯವರು ಪಬ್ಬಿಗೆ ಕರೆದುಕೊಂಡು ಹೋದರು. ಅವರಲ್ಲೊಬ್ಬ ನನ್ನ ಮುಂದೆ ಒಂದು ಕಪ್ಪನೆಯ ಬಿಯರ್ ಇಟ್ಟು, ‘ಇದನ್ನ ಕುಡಿದು ನೋಡು, ಇದರೊಳಗಿನ ಯೀಸ್ಟ್ 220 ವರ್ಷ ಹಳೇದು. ಮುಳುಗಿದ ಹಡಗಿನಿಂದ ತೆಗೆದಿದ್ದು’ ಅಂದ.

ಕುಡಿದೆ. ಹುರಿದ ಕಾಫಿಬೀಜದ ಥರದ ಕಹಿ, ಚೆನ್ನಾಗಿತ್ತು. ಇನ್ನೂರಿಪ್ಪತ್ತು ವರ್ಷ ನಾಲಿಗೆಗೆ ಗೊತ್ತಾಗುತ್ತಾ ಅಂತ ಕೇಳಿದರೆ, ಖಂಡಿತ ಇಲ್ಲ. ಸುಮ್ಮನೆ ಮಾತಿಗೆ ಕೇಳಿದೆ, ‘ಹಡಗು ಎಲ್ಲಿಂದ ಬರ್ತಿತ್ತು?’

‘ಕಲ್ಕತ್ತಾ’ ಅಂದ.

ಆ ಒಂದು ಪದಕ್ಕೆ ನಾನು ಲೋಟ ಕೆಳಗಿಟ್ಟೆ. ಆಮೇಲಿನ ವಾರಾಂತ್ಯಗಳೆಲ್ಲ ಈ ಹಡಗಿನ ಬಗ್ಗೆ ಓದೋದರಲ್ಲೇ ಕಳೆದವು. ಈ ಬರಹ ಆ ಓದಿನದು.

ಮೊದಲು ಯೀಸ್ಟ್ ವಿಷಯ ಮುಗಿಸೋಣ. ನಮ್ಮೂರು ತುರುವೇಕೆರೆ ಕಡೆ. ನಮ್ಮಜ್ಜಿಗೆ ಯೀಸ್ಟ್ ಅನ್ನೋ ಪದ ಗೊತ್ತಿರಲಿಲ್ಲ, ಆದರೆ ಹೆಪ್ಪು ಗೊತ್ತಿತ್ತು. ನಿನ್ನೆಯ ಮೊಸರಿನಿಂದ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದರಿಂದ ನಾಳೆಗೆ. ಯಾವತ್ತಾದರೂ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರೋದು, ಅವರದ್ದು ಕೆಟ್ಟರೆ ನಮ್ಮಿಂದ ಅವರಿಗೆ. ಮೊಸರಿನಲ್ಲಿರೋದು ಬ್ಯಾಕ್ಟೀರಿಯಾ, ಬಿಯರಿನಲ್ಲಿರೋದು ಯೀಸ್ಟ್ ಅನ್ನೋ ಶಿಲೀಂಧ್ರ. ಜಾತಿ ಬೇರೆ, ರೀತಿ ಒಂದೇ. ಹಳೆಯ ಯುರೋಪಿನಲ್ಲಿ ಬಿಯರ್ ಮಾಡುವವರೂ ಹೀಗೇ, ಹಿಂದಿನ ಪೀಪಾಯಿಯ ನೊರೆಯನ್ನೋ ಗಸಿಯನ್ನೋ ಮುಂದಿನ ಪೀಪಾಯಿಗೆ ಹಾಕುತ್ತಿದ್ದರು. ಅದರಲ್ಲಿ ಜೀವ ಇದೆ, ಆ ಜೀವವೇ ಸಕ್ಕರೆ ತಿಂದು ಮದ್ಯ ಮಾಡುತ್ತೆ ಅಂತ ಜಗತ್ತು ಒಪ್ಪಿಕೊಂಡಿದ್ದು 19ನೇ ಶತಮಾನದಲ್ಲಿ. ಲೂಯಿ ಪಾಶ್ಚರ್ ಇದರ ಬಗ್ಗೆ ಬರೆದಿದ್ದು 1857ರಲ್ಲಿ.

ಅದಾದ ಮೇಲೆ 1883ರಲ್ಲಿ ಒಂದು ದೊಡ್ಡ ತಿರುವು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಇಡೀ ಸಂತಾನ ಬೆಳೆಸಿ ಬಿಯರ್ ಮಾಡುವ ದಾರಿ ತೋರಿಸಿದ. ಅಲ್ಲಿಂದ ಮುಂದೆ ಪ್ರತಿ ಸಲವೂ ಒಂದೇ ರುಚಿ, ಕೆಡುವ ಭಯ ಕಡಿಮೆ. ಆದರೆ ಇನ್ನೊಂದು ಕಡೆ, ಒಂದೊಂದು ಊರಿನ ಪೀಪಾಯಿಯಲ್ಲೂ ಬೆರೆತು ಬದುಕಿದ್ದ ನೂರಾರು ಬಗೆಯ ಯೀಸ್ಟುಗಳು ಕೆಲಸ ಕಳೆದುಕೊಂಡವು. ನಮ್ಮಲ್ಲಿ ಹೈಬ್ರಿಡ್ ಬೀಜ ಬಂದ ಮೇಲೆ ಊರೂರಿನ ನಾಟಿ ಭತ್ತ, ನಾಟಿ ರಾಗಿ ಮರೆಯಾದವಲ್ಲ, ಹೆಚ್ಚುಕಡಿಮೆ ಅದೇ ಕಥೆ. ಆದ್ದರಿಂದಲೇ 1883ಕ್ಕಿಂತ ಹಿಂದಿನ ಒಂದು ಸೀಸೆ ಮುಚ್ಚಳ ಸಮೇತ ಸಿಕ್ಕರೆ ವಿಜ್ಞಾನಿಗಳ ಕಿವಿ ನೆಟ್ಟಗಾಗುತ್ತೆ. ಅದು ಕಳೆದುಹೋದ ನಾಟಿ ಬೀಜದ ಪೊಟ್ಟಣ.

ಈಗ ಹಡಗಿನ ವಿಷಯಕ್ಕೆ ಬರೋಣ.

ಹಡಗಿನ ಹೆಸರು ಸಿಡ್ನಿ ಕೋವ್. ಅದಕ್ಕೂ ಮುಂಚೆ ಅದರ ಹೆಸರು ಬೇಗಂ ಶಾ. ಕಲ್ಕತ್ತೆಯ ಕ್ಯಾಂಪ್‌ಬೆಲ್ ಅಂಡ್ ಕ್ಲಾರ್ಕ್ ಅನ್ನೋ ವ್ಯಾಪಾರಿ ಕಂಪನಿ ಅದನ್ನು ಕೊಂಡು ಹೊಸ ಹೆಸರಿಟ್ಟಿತು. ಯಾಕೆ ಆ ಹೆಸರು ಅಂದರೆ, ಆಗ ತಾನೇ ಎಂಟು ವರ್ಷದ ಹಿಂದೆ, 1788ರಲ್ಲಿ, ಬ್ರಿಟಿಷರು ಕೈದಿಗಳನ್ನು ತುಂಬಿಕೊಂಡು ಹೋಗಿ ಆಸ್ಟ್ರೇಲಿಯಾದಲ್ಲಿ ಸಿಡ್ನಿ ಅನ್ನೋ ವಸಾಹತು ಕಟ್ಟಿದ್ದರು. ಅಲ್ಲಿ ಎಲ್ಲದಕ್ಕೂ ಬರ, ಅದರಲ್ಲೂ ಮದ್ಯಕ್ಕೆ ವಿಪರೀತ ಬೇಡಿಕೆ. ರಮ್ಮೇ ಅಲ್ಲಿ ಹೆಚ್ಚುಕಡಿಮೆ ದುಡ್ಡಿನ ಕೆಲಸ ಮಾಡುತ್ತಿತ್ತು. ಇಂಗ್ಲೆಂಡಿಗಿಂತ ಕಲ್ಕತ್ತೆ ಹತ್ತಿರ. ಒಂದು ಹಡಗು ತುಂಬಾ ಸಾಮಾನು ಒಯ್ದರೆ ಲಾಭವೋ ಲಾಭ ಅಂತ ಲೆಕ್ಕ ಹಾಕಿದರು. ಈಗಿನ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಸ್ಟಾರ್ಟಪ್ ಯೋಚನೆ.

1796ರ ನವೆಂಬರ್ 10ಕ್ಕೆ ಹಡಗು ಕಲ್ಕತ್ತೆ ಬಿಟ್ಟಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ, ಅವನು ಸಾಯೋಕೆ ಎರಡೂವರೆ ವರ್ಷ ಬಾಕಿ ಇತ್ತು ಅಂದರೆ ನಿಮಗೆ ಕಾಲದ ಅಂದಾಜು ಸಿಗಬಹುದು. ಹಡಗಿನಲ್ಲಿ ಸುಮಾರು 7,000 ಗ್ಯಾಲನ್ ಮದ್ಯ. ಜೊತೆಗೆ ಅಕ್ಕಿ, ಸಕ್ಕರೆ, ಹೊಗೆಸೊಪ್ಪು, ಬಟ್ಟೆ, ಚೀನಾದ ಪಿಂಗಾಣಿ, ಚರ್ಮದ ಬೂಟು. ಸೀಸೆಗಳಲ್ಲಿ ಬಿಯರೂ ಇತ್ತು. ಆ ಕಾಲಕ್ಕೆ ಕಲ್ಕತ್ತೆಯ ದೊರೆಗಳು ಕುಡಿಯುತ್ತಿದ್ದ ಬಿಯರ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದದ್ದು.

ಕ್ಯಾಪ್ಟನ್ನಿನ ಹೆಸರು ಗೈ ಹ್ಯಾಮಿಲ್ಟನ್. ಮುಖ್ಯ ಅಧಿಕಾರಿ ಹ್ಯೂ ಥಾಂಪ್ಸನ್. ಸರಕು ನೋಡಿಕೊಳ್ಳಲು ಕಂಪನಿ ಕಡೆಯಿಂದ ವಿಲಿಯಂ ಕ್ಲಾರ್ಕ್. ಹಡಗು ನಡೆಸುವ ಕೆಲಸದವರಲ್ಲಿ ಬಹುಪಾಲು ಜನ ಲಸ್ಕರುಗಳು. ಲಸ್ಕರ್ ಅಂದರೆ ನಮ್ಮ ಕಡೆಯ ಕೂಲಿ ನಾವಿಕರು. ಬಂಗಾಳದ ನದಿ ತೀರಗಳಿಂದ, ಪಶ್ಚಿಮ ಕರಾವಳಿಯಿಂದ, ಹೀಗೆ ಬೇರೆ ಬೇರೆ ಕಡೆಯಿಂದ ಯುರೋಪಿಯನ್ ಹಡಗುಗಳಿಗೆ ಸೇರುತ್ತಿದ್ದವರು. ಇವರ ಮೇಲೆ ಸೆರಂಗ್ ಅಂತ ಒಬ್ಬ ಮೇಸ್ತ್ರಿ. ನೇಮಕಾತಿ, ಮುಂಗಡ ಎಲ್ಲ ಮಧ್ಯವರ್ತಿಗಳ ಮೂಲಕ. ಬಿಳಿ ನಾವಿಕರಿಗಿಂತ ಇವರಿಗೆ ಸಂಬಳ ಬಹಳ ಕಡಿಮೆ. ಅದಕ್ಕೇ ಇವರು ಬೇಕಾಗಿದ್ದದ್ದು.

ಡಿಸೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಹಡಗು ಸೋರತೊಡಗಿತು. ಸೋರುವ ಹಡಗಿನಲ್ಲಿ ಒಂದೇ ಕೆಲಸ, ಹಗಲೂ ರಾತ್ರಿ ಪಂಪ್ ಹೊಡೆದು ನೀರು ಹೊರಹಾಕೋದು. ದಕ್ಷಿಣಕ್ಕೆ ಹೋದ ಹಾಗೆಲ್ಲ ಚಳಿ ಹೆಚ್ಚಾಯಿತು. ಬಂಗಾಳದ ಹವೆಗೆ ಹೊಂದುವ ಬಟ್ಟೆ ತೊಟ್ಟಿದ್ದ ಲಸ್ಕರುಗಳಲ್ಲಿ ಕೆಲವರು ದಾರಿಯಲ್ಲೇ ಸತ್ತರು. 1797ರ ಫೆಬ್ರವರಿ ಎರಡನೇ ವಾರ, ಇನ್ನು ತೇಲಿಸೋದು ಸಾಧ್ಯವೇ ಇಲ್ಲ ಅಂತಾದಾಗ, ಕ್ಯಾಪ್ಟನ್ ಟಾಸ್ಮೇನಿಯಾದ ಈಶಾನ್ಯದಲ್ಲಿರೋ ಒಂದು ಪುಟ್ಟ ದ್ವೀಪದ ಪಕ್ಕ ಹಡಗನ್ನು ಮರಳಿಗೆ ಹತ್ತಿಸಿದ. ಜೀವ ಉಳಿಯಿತಲ್ಲ, ಆ ದ್ವೀಪಕ್ಕೆ ಪ್ರಿಸರ್ವೇಶನ್ ಐಲ್ಯಾಂಡ್ ಅಂತ ಹೆಸರಾಯಿತು.

ಅಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮದ್ಯವನ್ನು ಕಾಪಾಡಿದ್ದು. ದಡ ಸೇರಿದವರ ಕೈಗೆ ಸಿಗಬಾರದು ಅಂತ ಪೀಪಾಯಿಗಳನ್ನು ಪಕ್ಕದ ಇನ್ನೊಂದು ಸಣ್ಣ ದ್ವೀಪಕ್ಕೆ ಸಾಗಿಸಿದರು. ಅದಕ್ಕೆ ಈಗಲೂ ರಮ್ ಐಲ್ಯಾಂಡ್ ಅಂತಲೇ ಹೆಸರು.

ಆಮೇಲೆ ಸಹಾಯ ತರಬೇಕಲ್ಲ. ಫೆಬ್ರವರಿ ಕೊನೆಗೆ ಹದಿನೇಳು ಜನ ಒಂದು ಉದ್ದನೆಯ ದೋಣಿಯಲ್ಲಿ ಸಿಡ್ನಿ ಕಡೆ ಹೊರಟರು. ಐದು ಜನ ಯುರೋಪಿಯನ್ನರು, ಹನ್ನೆರಡು ಜನ ಲಸ್ಕರುಗಳು. ಕೆಲವೇ ದಿನಕ್ಕೆ ಆ ದೋಣಿಯೂ ಒಡೆದು, ಈಗಿನ ವಿಕ್ಟೋರಿಯಾ ರಾಜ್ಯದ ನೈಂಟಿ ಮೈಲ್ ಬೀಚ್ ಅನ್ನೋ ಕಡಲತೀರಕ್ಕೆ ಬಂದು ಬಿದ್ದರು. ಸಿಡ್ನಿ ಅಲ್ಲಿಂದ 600 ಕಿಲೋಮೀಟರಿಗೂ ಹೆಚ್ಚು ದೂರ. ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರಿಗೆ ನಡೆದ ಹಾಗೆ, ಆದರೆ ದಾರಿ ಇಲ್ಲ, ನಕ್ಷೆ ಇಲ್ಲ, ಊರಿಲ್ಲ. ಮಾರ್ಚ್ ಮಧ್ಯದಲ್ಲಿ ಕಡಲ ಅಂಚು ಹಿಡಿದು ನಡೆಯೋಕೆ ಶುರು ಮಾಡಿದರು.

ಈ ನಡಿಗೆಯ ದಿನಚರಿಯನ್ನು ಕ್ಲಾರ್ಕ್ ಇಟ್ಟಿದ್ದ. ಆಮೇಲೆ ಅದು ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ದಾರಿಯಲ್ಲಿ ಸಿಕ್ಕ ಅಲ್ಲಿನ ಮೂಲನಿವಾಸಿಗಳು ಹಲವು ಸಲ ಮೀನು, ಚಿಪ್ಪು ಕೊಟ್ಟರು, ತಮ್ಮ ದೋಣಿಗಳಲ್ಲಿ ನದಿ ದಾಟಿಸಿದರು. ಕೆಲವು ಕಡೆ ಈಟಿಗಳೂ ತೂರಿಬಂದವು. ಒಂದೊಂದು ಹೊಳೆ ದಾಟುವಾಗಲೂ ಶಕ್ತಿ ಸೋರಿಹೋಗುತ್ತಿತ್ತು. ಏಪ್ರಿಲ್ ಮಧ್ಯದ ಹೊತ್ತಿಗೆ, ಇನ್ನು ಹೆಜ್ಜೆ ಎತ್ತಿಡಲಾರದ ಒಂಬತ್ತು ಜನರನ್ನು ಹಿಂದೆ ಬಿಟ್ಟು ಉಳಿದವರು ಮುಂದೆ ನಡೆದರು.

ಮೇ 15ಕ್ಕೆ, ಸಿಡ್ನಿಯ ದಕ್ಷಿಣಕ್ಕಿರುವ ವಾಟಮೊಲ್ಲಾ ಅನ್ನೋ ಸಣ್ಣ ಕೊಲ್ಲಿಯಲ್ಲಿ ಮೀನು ಹಿಡಿಯುವ ದೋಣಿಯೊಂದಕ್ಕೆ ಇವರು ಕಂಡರು. ಹದಿನೇಳರಲ್ಲಿ ಉಳಿದಿದ್ದದ್ದು ಮೂರು ಜನ. ಕ್ಲಾರ್ಕ್, ಜಾನ್ ಬೆನೆಟ್ ಅನ್ನೋ ನಾವಿಕ ಮತ್ತು ಒಬ್ಬ ಲಸ್ಕರ್. ಥಾಂಪ್ಸನ್ ಹಡಗಿನ ಬಡಗಿಯ ಜೊತೆ ಸ್ವಲ್ಪವೇ ಹಿಂದೆ ಉಳಿದುಹೋಗಿದ್ದ, ಅವರಿಬ್ಬರೂ ಬದುಕಲಿಲ್ಲ.

ಇತ್ತ ದ್ವೀಪದಲ್ಲಿ ಸುಮಾರು ಮೂವತ್ತು ಜನ ಕಾಯುತ್ತಿದ್ದರು. ಗವರ್ನರ್ ಜಾನ್ ಹಂಟರ್ ಎರಡು ಹಡಗು ಕಳಿಸಿದ, ಫ್ರಾನ್ಸಿಸ್ ಮತ್ತು ಎಲೈಜಾ. ವಾಪಸ್ ಬರುವಾಗ ಎಲೈಜಾ ತನ್ನವರನ್ನೂ, ಹತ್ತಿಸಿಕೊಂಡಿದ್ದ ಎಂಟು ಜನರನ್ನೂ ಸೇರಿಸಿ ಕಾಣೆಯಾಯಿತು. ಒಂದು ಸಲ ಬದುಕಿಕೊಂಡವರು ಮನೆ ದಾರಿಯಲ್ಲಿ ಮುಳುಗಿದರು.

ಈ ಅಪಘಾತದಿಂದ ಆಸ್ಟ್ರೇಲಿಯಾಗೆ ಬಹಳ ಲಾಭವಾಯಿತು. ಕ್ಲಾರ್ಕ್ ದಾರಿಯಲ್ಲಿ ಕಲ್ಲಿದ್ದಲು ನೋಡಿದ್ದ. ಅದನ್ನು ಪರೀಕ್ಷಿಸಲು ಜಾರ್ಜ್ ಬಾಸ್ ಹೋದ, ಆ ಜಾಗ ಈಗ ಕೋಲ್‌ಕ್ಲಿಫ್. ಟಾಸ್ಮೇನಿಯಾಗೂ ಆಸ್ಟ್ರೇಲಿಯಾಗೂ ಮಧ್ಯೆ ಸಮುದ್ರ ಇರಬೇಕು ಅನ್ನೋ ಅನುಮಾನ ಇದರಿಂದ ಬಲವಾಯಿತು. ಬಾಸ್ ಮತ್ತು ಫ್ಲಿಂಡರ್ಸ್ 1798-99ರಲ್ಲಿ ಟಾಸ್ಮೇನಿಯಾವನ್ನು ಪೂರ್ತಿ ಸುತ್ತಿ ಅದನ್ನು ಖಾತ್ರಿ ಮಾಡಿದರು, ಈಗ ಅದು ಬಾಸ್ ಜಲಸಂಧಿ. ಕಂಪನಿಯ ರಾಬರ್ಟ್ ಕ್ಯಾಂಪ್‌ಬೆಲ್ 1798ರಲ್ಲಿ ಸಿಡ್ನಿಗೆ ಬಂದು, ಮುಂದೆ ಅಲ್ಲಿನ ದೊಡ್ಡ ವ್ಯಾಪಾರಿಯಾದ. ಸಿಡ್ನಿ ಬಂದರಿನಲ್ಲಿ ಅವನ ಹೆಸರಿನ ಕೋವ್ ಇದೆ, ಟೂರಿಸ್ಟುಗಳು ಆಪೆರಾ ಹೌಸ್ ಹಿಂದೆ ಬರೋ ಹಾಗೆ ಫೋಟೋ ತೆಗೆಸಿಕೊಳ್ಳೋ ಜಾಗ. ನಾನೂ ತೆಗೆಸಿಕೊಂಡಿದ್ದೇನೆ.

ಹಡಗು ಮಾತ್ರ ಮರಳಡಿ ಮಲಗಿತ್ತು. 1977ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಉತ್ಖನನವಾಗಿ, ಸಾಮಾನುಗಳು ಟಾಸ್ಮೇನಿಯಾದ ಲಾನ್ಸೆಸ್ಟನ್ನಿನಲ್ಲಿರೋ ಕ್ವೀನ್ ವಿಕ್ಟೋರಿಯಾ ಮ್ಯೂಸಿಯಂ ಸೇರಿದವು. ಅವುಗಳಲ್ಲಿ ಮುಚ್ಚಳ ಗಟ್ಟಿಯಾಗಿದ್ದ ಸೀಸೆಗಳೂ ಇದ್ದವು. ದಶಕಗಳು ಕಳೆದ ಮೇಲೆ ಆ ಮ್ಯೂಸಿಯಮ್ಮಿನ ಸಂರಕ್ಷಣಾ ತಜ್ಞ ಡೇವಿಡ್ ಥರೋಗುಡ್‌ಗೆ ಒಂದು ಯೋಚನೆ ಬಂತು. ಅವರು ರಸಾಯನಶಾಸ್ತ್ರ ಓದಿದವರು. ಇದರೊಳಗೆ ಏನಾದರೂ ಇನ್ನೂ ಬದುಕಿದೆಯಾ ನೋಡೋಣ ಅಂತ ಮಾದರಿಯನ್ನು ಬೆಳೆಸಿ ನೋಡಿದರು. ಯೀಸ್ಟ್ ಎದ್ದು ಕೂತಿತು. ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರೂ ಕೈಜೋಡಿಸಿದರು. ಡಿಎನ್ಎ ಓದಿದಾಗ ಅದು ಈಗ ಬಳಕೆಯಲ್ಲಿರೋ ಬಿಯರ್ ಯೀಸ್ಟುಗಳಿಗೆ ಸರಿಯಾಗಿ ಹೊಂದಲಿಲ್ಲ.

ನಾವು ಎಂಜಿನಿಯರುಗಳು, ತಕ್ಷಣ ಕೇಳೋ ಪ್ರಶ್ನೆ: ಅದು ನಿಜವಾಗಿಯೂ ಹಳೇದೇ ಅಂತ ಹೇಗೆ ನಂಬೋದು? ಯೀಸ್ಟ್ ಗಾಳಿಯಲ್ಲಿದೆ, ಕೈಯಲ್ಲಿದೆ, ಬಟ್ಟೆಯಲ್ಲಿದೆ. ಎಲ್ಲಿಂದಲೋ ಹೊಸದೊಂದು ಬಂದು ಸೇರಿಕೊಂಡಿರಬಹುದಲ್ಲ? ಪ್ರಶ್ನೆ ಸರಿಯಾದದ್ದೇ. ಡಿಎನ್ಎ ಬೇರೆ ಥರ ಇದೆ ಅನ್ನೋದು ಒಂದು ಸಾಕ್ಷಿ, ಪೂರ್ತಿ ತೀರ್ಪಲ್ಲ. 2019ರಲ್ಲಿ ಇಸ್ರೇಲಿನ ಸಂಶೋಧಕರು ಪ್ರಾಚೀನ ಮಡಕೆಗಳ ರಂಧ್ರಗಳಿಂದ ಆರು ಬಗೆಯ ಯೀಸ್ಟ್ ತೆಗೆದು ಬಿಯರ್ ಮಾಡಿದರು. ಅವುಗಳಲ್ಲಿ ಕೆಲವು ಮಡಕೆ ಸುಮಾರು 5,000 ವರ್ಷ ಹಳೆಯವು. ಅವರು ಇದೇ ಅನುಮಾನಕ್ಕೆ ಉತ್ತರವಾಗಿ, ಮದ್ಯಕ್ಕೆ ಬಳಸದ ಮಡಕೆಗಳನ್ನೂ ಸುತ್ತಲಿನ ಮಣ್ಣನ್ನೂ ಅದೇ ರೀತಿ ಪರೀಕ್ಷಿಸಿ ಹೋಲಿಸಿದರು. ಅಲ್ಲಿ ಯೀಸ್ಟ್ ಅಪರೂಪವಾಗಿತ್ತು, ಬಿಯರಿನ ಮಡಕೆಗಳಲ್ಲೇ ಹೆಚ್ಚು ಸಿಕ್ಕಿತು. ಅವರೂ ಹೇಳೋದು, ಇದು 5,000 ವರ್ಷ ನಿದ್ದೆ ಮಾಡಿದ ಅದೇ ಕೋಶ ಅಂತಲ್ಲ, ಮಡಕೆಯ ಒಳಗೇ ಉಳಿದು ಪೀಳಿಗೆ ಮೇಲೆ ಪೀಳಿಗೆ ಬದುಕಿ ಬಂದ ಸಂತಾನ ಅಂತ.

ಎಲ್ಲ ಸಲವೂ ಹೀಗೆ ಗೆಲುವು ಸಿಗಲ್ಲ ಅನ್ನೋದೂ ಮುಖ್ಯ. 2010ರಲ್ಲಿ ಫಿನ್ಲೆಂಡಿನ ಓಲಂಡ್ ದ್ವೀಪಗಳ ಹತ್ತಿರ 19ನೇ ಶತಮಾನದ ಹಡಗೊಂದರಲ್ಲಿ ಬಿಯರ್ ಸೀಸೆಗಳು ಸಿಕ್ಕವು. ಅಲ್ಲಿ ಕೆಲವು ಬ್ಯಾಕ್ಟೀರಿಯಾ ಬದುಕಿದ್ದವು, ಯೀಸ್ಟ್ ಸತ್ತಿತ್ತು. ಆದರೆ ಕಾರ್ಲ್ಸ್‌ಬರ್ಗಿನವರಿಗೆ ತಮ್ಮದೇ ನೆಲಮಾಳಿಗೆಯ 1883ರ ಕಾಲದ ಸೀಸೆಯೊಂದರಲ್ಲಿ ಜೀವಂತ ಯೀಸ್ಟ್ ಸಿಕ್ಕಿ, 2016ರಲ್ಲಿ ಅದರಿಂದ ಬಿಯರ್ ಮಾಡಿದರು. ತಣ್ಣಗಿನ ಜಾಗ, ಕತ್ತಲೆ, ಗಾಳಿಯಾಡದ ಮುಚ್ಚಳ, ಅದರ ಮೇಲೆ ಅದೃಷ್ಟ. ಇಷ್ಟೂ ಸೇರಿದರೆ ಯೀಸ್ಟ್ ಉಸಿರು ಬಿಗಿಹಿಡಿದು ಕಾಯುತ್ತೆ.

ಸಿಡ್ನಿ ಕೋವ್ ಯೀಸ್ಟಿನಿಂದ 2018ರಲ್ಲಿ ಬಿಯರ್ ತಂದಿದ್ದು ಜೇಮ್ಸ್ ಸ್ಕ್ವೈರ್ ಬ್ರ್ಯಾಂಡ್. ಬಿಯರಿನ ಹೆಸರು ದಿ ರೆಕ್ ಪ್ರಿಸರ್ವೇಶನ್ ಏಲ್. ಆ ಬ್ರ್ಯಾಂಡಿನ ಹೆಸರಿನವನೂ ಈ ಕಥೆಯ ಕಾಲದವನೇ. ಕೋಳಿ ಕದ್ದ ತಪ್ಪಿಗೆ ಶಿಕ್ಷೆಯಾಗಿ 1788ರಲ್ಲಿ ಕೈದಿಯಾಗಿ ಸಿಡ್ನಿಗೆ ಬಂದು, ಆಮೇಲೆ ಬಿಯರ್ ಮಾಡಿ ಹೆಸರಾದವನು. ಕಲ್ಕತ್ತೆಯ ಹಡಗು ಮುಳುಗಿದಾಗ ಅವನು ಅದೇ ವಸಾಹತಿನಲ್ಲಿದ್ದ.

ಇಷ್ಟೆಲ್ಲ ಓದಿದ ಮೇಲೆ ಒಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ಪಟ್ಟಿ ಮಾಡಿದೆ. ಕ್ಯಾಪ್ಟನ್ನಿಗೆ ಹೆಸರಿದೆ. ಅಧಿಕಾರಿಗೆ, ಸರಕಿನವನಿಗೆ, ಬಿಳಿ ನಾವಿಕನಿಗೆ ಹೆಸರಿದೆ. ಹಡಗಿಗೆ ಎರಡೆರಡು ಹೆಸರು. ಜನ ನಿಂತ ದ್ವೀಪಕ್ಕೆ, ರಮ್ ಬಚ್ಚಿಟ್ಟ ದ್ವೀಪಕ್ಕೆ, ಕಲ್ಲಿದ್ದಲ ಬಂಡೆಗೆ, ಜಲಸಂಧಿಗೆ ಹೆಸರಿದೆ. ಕೋಳಿ ಕದ್ದವನಿಗೂ ಹೆಸರಿದೆ. ಕಣ್ಣಿಗೆ ಕಾಣದ ಯೀಸ್ಟಿನ ವಂಶವೃಕ್ಷವನ್ನು ಅಕ್ಷರ ಅಕ್ಷರವಾಗಿ ಓದಿಯಾಗಿದೆ. ಪಂಪ್ ಹೊಡೆದವರು, ಪೀಪಾಯಿ ಹೊತ್ತವರು, ನಡೆದವರು ಮಾತ್ರ ಬಹುತೇಕ ಬರಹಗಳಲ್ಲಿ ಒಂದು ಅಂಕಿ: ಹನ್ನೆರಡು ಲಸ್ಕರುಗಳು. ಕೊನೆಯವರೆಗೂ ನಡೆದು ಬದುಕಿದವನೂ ಅಲ್ಲಿ ‘ಒಬ್ಬ ಲಸ್ಕರ್’.

ಬೇರೆಯವರ ಬಗ್ಗೆ ಸಿಟ್ಟು ಮಾಡಿಕೊಳ್ಳೋದು ಸುಲಭ. ಮರುದಿನ ಆಫೀಸಿನಲ್ಲಿ ನನ್ನದೇ ಪ್ರಾಜೆಕ್ಟ್ ಪ್ಲಾನ್ ತೆರೆದೆ. ಸಿಡ್ನಿಯ ಜನರ ಹೆಸರು ಒಂದೊಂದು ಸಾಲಿನಲ್ಲಿ. ಕೆಳಗೆ ಒಂದೇ ಸಾಲು, ‘ಆಫ್‌ಶೋರ್ ರಿಸೋರ್ಸಸ್: 14’. ಅದನ್ನು ಟೈಪ್ ಮಾಡಿದ್ದು ನಾನೇ. ಆ ಹದಿನಾಲ್ಕರಲ್ಲಿ ಒಬ್ಬಳು ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಎಬ್ಬಿಸಿದ್ದರಿಂದಲೇ ಆ ಶುಕ್ರವಾರದ ಬಿಯರ್ ನನ್ನ ಕೈಗೆ ಬಂದಿದ್ದು. ಎಸಿ ಆಫೀಸಿನ ಕೆಲಸವನ್ನು ಚಳಿಯಲ್ಲಿ ಸತ್ತವರ ಕಷ್ಟಕ್ಕೆ ಹೋಲಿಸುವಷ್ಟು ದಡ್ಡ ನಾನಲ್ಲ. ಆದರೆ ಅವರನ್ನು ಅಂಕಿ ಮಾಡಿದ ಅಭ್ಯಾಸ ಎಲ್ಲಿಂದ ಬಂತು ಅಂತ ಮಾತ್ರ ಅರ್ಥವಾಯಿತು. ಆ ಲೆಡ್ಜರ್ ಬರೆದವನೂ ನನ್ನ ಹಾಗೆ ಟೈಮ್ ಉಳಿಸಿದ್ದ, ಅಷ್ಟೆ.

ವಾಪಸ್ ಬರೋ ಹಿಂದಿನ ಭಾನುವಾರ ವಾಟಮೊಲ್ಲಾಗೆ ಹೋದೆ. ಈಗ ಅದು ರಾಯಲ್ ನ್ಯಾಷನಲ್ ಪಾರ್ಕಿನೊಳಗಿದೆ. ಮರಳು, ಒಂದು ಸಣ್ಣ ಹಿನ್ನೀರು, ಬಂಡೆ. ಚಳಿಯಲ್ಲೂ ಮಕ್ಕಳು ನೀರಿಗಿಳಿದಿದ್ದರು, ಅಪ್ಪಂದಿರು ಮಾಂಸ ಸುಡುತ್ತಿದ್ದರು. ಯಾರೋ ಒಬ್ಬ, ಬಂಗಾಳದ ಯಾವುದೋ ಹೊಳೆದಂಡೆ ಊರಿನವನಿರಬಹುದು, ಎರಡು ತಿಂಗಳು ನಡೆದು ಇದೇ ಮರಳಿನಲ್ಲಿ ನಿಂತು ದೂರದ ದೋಣಿಗೆ ಕೈ ಬೀಸಿದ್ದ. ಅವನನ್ನು ಅವನ ಅಮ್ಮ ಏನಂತ ಕರೆಯುತ್ತಿದ್ದಳೋ.

ಬೆಂಗಳೂರಿಗೆ ಬಂದು ಊರಿಗೆ ಹೋದಾಗ ಅಜ್ಜಿಗೆ ಈ ಕಥೆ ಹೇಳಿದೆ. ಬಿಯರ್ ಕುಡಿದ ಭಾಗ ಬಿಟ್ಟು. ಸಮುದ್ರದ ತಳದಲ್ಲಿ ಇನ್ನೂರು ವರ್ಷ ಹೆಪ್ಪು ಬದುಕಿತ್ತಂತೆ ಅಂದೆ. ಅವಳಿಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಮ್ಮ ಮನೆ ಹೆಪ್ಪು ಅವಳ ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ತಂದಿದ್ದಂತೆ. ‘ಅತ್ತೆ ಹೆಸರು ಏನಜ್ಜಿ?’ ಅಂತ ಕೇಳಿದೆ. ‘ಪುಟ್ಟನಂಜಮ್ಮ’ ಅಂದಳು. ಮೂವತ್ತು ವರ್ಷ ಆ ಮೊಸರು ತಿಂದಿದ್ದೆ, ಆ ಹೆಸರು ಕೇಳಿದ್ದು ಅದೇ ಮೊದಲು.

ಪ್ರಾಜೆಕ್ಟ್ ಶೀಟಿನಲ್ಲಿ ಈಗ ಹದಿನಾಲ್ಕು ಸಾಲು ಹೆಚ್ಚಾಗಿದೆ. ಪ್ರಿಂಟ್ ತೆಗೆದರೆ ಎರಡನೇ ಪುಟಕ್ಕೆ ಹೋಗುತ್ತೆ ಅಂತ ಒಬ್ಬರು ತಕರಾರು ತೆಗೆದರು. ಹೋಗಲಿ ಬಿಡಿ ಅಂದೆ.